ಪೋಪರ ತಾಯಿ ಬಂದ ಭಾನುವಾರ

ಹಾಲಹರವಿಯ ಕಾವೇರಿಬಾಯಿಗೆ ತನ್ನ ಮಗನ ಪಾದಗಳ ಗುರುತು ಚೆನ್ನಾಗಿತ್ತು. ಎಡಗಾಲಿನ ಎರಡನೆಯ ಬೆರಳು ಹೆಬ್ಬೆರಳಿಗಿಂತ ತುಸು ಉದ್ದ. ಬಲಪಾದದ ಮೇಲೆ ಒಂದು ಬಿಳಿಯ ಗೆರೆ. ಐದು ವರ್ಷದವನಿದ್ದಾಗ ಈಳಿಗೆಮಣೆ ಎಳೆದುಕೊಂಡು ಮಾಡಿಕೊಂಡ ಗಾಯ. ಹದಿನೆಂಟು ವರ್ಷಗಳಿಂದ ಅವಳು ಮಗನಲ್ಲಿ ಕಂಡದ್ದು ಇಷ್ಟೇ. ಮುಖವನ್ನು ಅವಳು ನೋಡುವಂತಿರಲಿಲ್ಲ.

ಒಂಬತ್ತನೆಯ ವಯಸ್ಸಿನಲ್ಲಿ ಆ ಮಗನನ್ನು ಮಠಕ್ಕೆ ಕೊಟ್ಟಿದ್ದರು. ಯಾವ ಮಠ ಎಂಬುದು ಈ ಕಥೆಗೆ ಬೇಡ. ತುಂಗಭದ್ರೆಯ ಆಚೆ, ದೂರದ ಊರಿನ ಒಂದು ಸಣ್ಣ ಮಠ ಎಂದರೆ ಸಾಕು. ಹಿರಿಯ ಸ್ವಾಮಿಗಳು ಜಾತಕ ನೋಡಿ ಒಪ್ಪಿಕೊಂಡರು, ಕಾವಿ ಉಡಿಸಿದರು, ಹೆಸರು ಬದಲಿಸಿದರು. ಅವರು ವೃಂದಾವನಸ್ಥರಾದ ಮೇಲೆ ಪೀಠ ಇವನಿಗೆ ಬಂತು. ಅಲ್ಲಿಗೆ ಅವನು ಅವಳ ಮಗನಲ್ಲ, ಊರಿಗೆಲ್ಲ ಗುರು. ವರ್ಷಕ್ಕೊಮ್ಮೆ, ಮೊದಲು ಹಿರಿಯರ ಜೊತೆ, ಆಮೇಲೆ ತಾವೇ, ಸ್ವಾಮಿಗಳು ಆದೋನಿಯ ಕಡೆ ಸಂಚಾರ ಬಂದಾಗ ಗಂಡ ಸೇತುಮಾಧವರಾಯರು ಅವಳನ್ನು ದರ್ಶನಕ್ಕೆ ಕರೆದೊಯ್ಯುತ್ತಿದ್ದರು. ಹೊರಡುವ ಮುಂಚೆ ಪ್ರತಿ ವರ್ಷವೂ ಒಂದೇ ಮಾತು ಹೇಳುತ್ತಿದ್ದರು. ಹೆಂಗಸರ ಸಾಲಿನ ಕಟ್ಟಕಡೆಗೆ ನಿಲ್ಲಬೇಕು. ತಲೆ ಎತ್ತಬಾರದು. ದೂರದಿಂದಲೇ ನೆಲಕ್ಕೆ ಹಣೆ ಹಚ್ಚಿ ಹಿಂದೆ ಸರಿಯಬೇಕು. ತಾಯಿಯ ಕಣ್ಣು ಯತಿಯ ಕಣ್ಣಿಗೆ ಕೂಡಿದರೆ ಯತಿಯ ವ್ರತ ಸಡಿಲಾಗುತ್ತದೆ, ಆ ಪಾಪ ಅವರಿಗೇ ತಗಲುತ್ತದೆ ಎಂದು ಶಾಸ್ತ್ರದಲ್ಲಿ ಇದೆಯಂತೆ. ಕಾವೇರಿಬಾಯಿಗೆ ಸಂಸ್ಕೃತ ಬರುತ್ತಿರಲಿಲ್ಲ, ರಾಯರಿಗೆ ಬರುತ್ತಿತ್ತು. ತನ್ನಿಂದ ಅವರಿಗೆ ಪಾಪ ಬರಬಾರದೆಂದು ಅವಳು ಹದಿನೆಂಟು ವರ್ಷ ನೆಲ ನೋಡಿದಳು.

ಈ ಸಲ ಸ್ವಾಮಿಗಳ ಮೊಕ್ಕಾಂ ನಂದವರಂನಲ್ಲಿ ಎಂದು ಕಾಗದ ಬಂದಿತ್ತು. ವೈಶಾಖದ ಒಂದು ಗುರುವಾರ. ಆ ಗುರುವಾರಕ್ಕೆ ನಾಲ್ಕು ದಿನ ಮುಂಚೆ, ಭಾನುವಾರ ಬೆಳಿಗ್ಗೆ, ಟಿವಿಯಲ್ಲಿ ಪೋಪರ ತಾಯಿ ಬಂದಳು.

ಆ ವರ್ಷದ ಮೊದಲಿಗೆ ರೋಮಿನ ಪೋಪ್ ಗುರುಗಳು ಭಾರತಕ್ಕೆ ಬಂದು ಹೋಗಿದ್ದರು. ಅದೇ ನೆಪದಲ್ಲಿ ಇರಬೇಕು, ಬೇಸಿಗೆಯಲ್ಲಿ ಆರು ಭಾನುವಾರ ಒಂದು ಧಾರಾವಾಹಿ ತೋರಿಸಿದರು. ಹಿಂದಿನ ಕಾಲದ ಯಾವನೋ ಕುರಿ ಕಾಯುವ ಹುಡುಗ ಬೆಳೆದು ಪೋಪ್ ಆದ ಕಥೆ. ಮಾತೆಲ್ಲ ಇಂಗ್ಲಿಷು. ಹಾಲಹರವಿಯಲ್ಲಿ ಆಗ ಟಿವಿ ಇದ್ದ ಮನೆ ಎರಡೋ ಮೂರೋ. ಅದರಲ್ಲಿ ಇಂಗ್ಲಿಷು ಬಲ್ಲ ಮನೆ ರಾಯರದು ಒಂದೇ. ಅವರು ತಾಲೂಕಿನ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಇಂಗ್ಲಿಷು ಕಲಿಸಿ ರಿಟೈರಾದವರು. ಭಾನುವಾರ ಬಂತೆಂದರೆ ರೇಡಿಯೋ ರಿಪೇರಿಯ ದಸ್ತಗಿರಿ ಮಾಳಿಗೆ ಹತ್ತಿ ಆಂಟೆನಾದ ಬೊಂಬನ್ನು ಆದೋನಿಯ ಕಡೆಗೆ ತಿರುವುತ್ತಿದ್ದ. ರಾಯರು ಟಿವಿಯನ್ನು ಪಡಸಾಲೆಯ ಕಿಟಕಿಗೆ ಮುಖ ಮಾಡಿ ಸ್ಟೂಲಿನ ಮೇಲೆ ಇಡುತ್ತಿದ್ದರು. ಒಳಗೆ ಚಾಪೆಯ ಮೇಲೆ ಅಗ್ರಹಾರದ ನಾಲ್ಕು ಮಂದಿ ಗಂಡಸರು. ಹೊರಗೆ ಅಂಗಳದಲ್ಲಿ, ಬೇವಿನ ನೆರಳಿಗೆ, ಹೊಲಗೆಲಸದವರು ಮೂವತ್ತು ನಲವತ್ತು ಮಂದಿ. ಕಾವೇರಿಬಾಯಿ ಅಡಿಗೆಮನೆಯ ಹೊಸ್ತಿಲಲ್ಲಿ, ಕೈಯಲ್ಲಿ ಏನಾದರೊಂದು ಕೆಲಸ ಹಿಡಿದುಕೊಂಡು.

ರಾಯರಿಗೆ ದೇವಸ್ಥಾನದಲ್ಲಿ ಪುರಾಣ ಹೇಳಿ ರೂಢಿ. ಟಿವಿಗೂ ಅದೇ ಪದ್ಧತಿ ಹಿಡಿದರು. ಪರದೆಯ ಮೇಲೆ ಒಂದು ದೃಶ್ಯ ಮುಗಿದ ಕೂಡಲೆ ಸದ್ದು ಕಡಿಮೆ ಮಾಡಿ, ಕಿಟಕಿಯ ಕಡೆ ತಿರುಗಿ, ಗಂಟಲು ಸರಿಮಾಡಿಕೊಂಡು, "ಇದರ ಅರ್ಥ ಏನಪಾ ಅಂದ್ರ" ಎಂದು ಶುರು ಮಾಡುವರು. ಮೊದಲು ಕನ್ನಡದಲ್ಲಿ, ಆಮೇಲೆ, ಗಡಿಯ ಊರಾದ್ದರಿಂದ, ತೆಲುಗಿನಲ್ಲಿ. ಅಷ್ಟರೊಳಗೆ ಟಿವಿಯಲ್ಲಿ ಇನ್ನೊಂದು ದೃಶ್ಯ ನಡೆದುಹೋಗಿರುತ್ತಿತ್ತು. ಅಂಗಳದವರಿಗೆ ಅದರ ಮೇಲೆಯೇ ಮೊದಲ ಸಿಟ್ಟು.

ಎರಡನೆಯ ಸಿಟ್ಟು ಕಥೆಯ ಮೇಲೆ. ಕೆಂಪು ಟೋಪಿಯ ಮುದುಕರನ್ನೆಲ್ಲ ಒಂದು ಅರಮನೆಯೊಳಗೆ ಕೂಡಿಹಾಕಿ ಬೀಗ ಜಡಿದು, ಗುರುವನ್ನು ಆರಿಸಿದ ಮೇಲೆಯೇ ಬಿಡುತ್ತಾರೆಂದಾಗ, ಚಿಮಣಿಯಲ್ಲಿ ಹೊಗೆ ಬಂದರೆ ಗುರು ಸಿಕ್ಕ ಹಾಗೆ ಎಂದಾಗ, ಮಾರೆಮ್ಮ ನಂಬಲಿಲ್ಲ. ಒಳಗೆ ಒಬ್ಬ ಹೆಂಗಸೂ ಇಲ್ಲ, ಆ ಹೊಗೆ ಅನ್ನ ಸೀದದ್ದೇ ಇರಬೇಕೆಂದಳು. ಮಾರೆಮ್ಮ ರಾಯರ ಹೊಲದಲ್ಲಿ ಮದುವೆಯಾಗಿ ಬಂದಾಗಿನಿಂದ ಕೆಲಸ ಮಾಡಿದವಳು. ಬಾಯಿ ಜೋರು. ಮೂರನೆಯ ಭಾನುವಾರ, ಕಥೆಯ ಊರಲ್ಲಿ ಬರ ಬಿದ್ದು ಮಂದಿ ಸಾಯುತ್ತಿದ್ದಾಗ ಆ ಕೆಂಪು ಟೋಪಿಯ ಮುದುಕರು ಬೆಳ್ಳಿಯ ತಟ್ಟೆಯಲ್ಲಿ ಊಟಕ್ಕೆ ಕೂತದ್ದು ನೋಡಿ ಅವಳು ಒಂದು ಮಣ್ಣಿನ ಹೆಂಟೆ ಎತ್ತಿ ಕಿಟಕಿಗೆ ಎಸೆದೇಬಿಟ್ಟಿದ್ದಳು. ಪುಣ್ಯಕ್ಕೆ ಸರಳಿಗೆ ಬಡಿದು ಉದುರಿತು. ಒಳಗೆ ಚಾಪೆಯ ಮೇಲಿನವರದು ಬೇರೆ ಸಿಟ್ಟು. ಪರದೇಶದ ಗುರುವಿನ ಚರಿತ್ರೆ ವಾರವಾರ ತೋರಿಸುವವರಿಗೆ ನಮ್ಮ ಯತಿಗಳ ಚರಿತ್ರೆ ಯಾಕೆ ಕಾಣುವುದಿಲ್ಲ ಎಂದು ಅವರು ಪ್ರತಿ ಭಾನುವಾರ ಬೈಯುತ್ತಿದ್ದರು. ಬೈಯುತ್ತ ಮುಂದಿನ ಭಾನುವಾರ ಹತ್ತು ನಿಮಿಷ ಮುಂಚೆಯೇ ಬಂದು ಕೂರುತ್ತಿದ್ದರು.

ಕಾವೇರಿಬಾಯಿ ಯಾರ ಮೇಲೂ ಸಿಟ್ಟಾಗಿರಲಿಲ್ಲ. ಅವಳಿಗೆ ಮೊದಲನೆಯ ಭಾನುವಾರದ ಒಂದು ದೃಶ್ಯ ಎದೆಯಲ್ಲಿ ಕೂತುಬಿಟ್ಟಿತ್ತು. ಒಬ್ಬ ಪಾದ್ರಿ ಆ ಹುಡುಗನನ್ನು ಕತ್ತೆಯ ಮೇಲೆ ಕೂರಿಸಿಕೊಂಡು ಹೊರಡುತ್ತಾನೆ. ಅವನ ತಾಯಿ ಊರ ಬಾವಿಯವರೆಗೂ ಹಿಂದೆ ಓಡಿಬರುತ್ತಾಳೆ. ಬಾವಿಯ ಹತ್ತಿರ ನಿಂತು ಕೂಗುತ್ತಾಳೆ: "ಲೂಕಾ." ರಾಯರು ಆ ದೃಶ್ಯಕ್ಕೆ ಅರ್ಥ ಹೇಳಲಿಲ್ಲ. ಹೆಸರಿಗೆ ಅರ್ಥ ಹೇಳುವವರು ಅವಳಿಗೂ ಬೇಕಿರಲಿಲ್ಲ.

ತನಗೆ ಓಡುವುದಕ್ಕೂ ಬಿಟ್ಟಿರಲಿಲ್ಲ ಎಂದು ಅವಳಿಗೆ ಅಂದು ನೆನಪಾಯಿತು. ಮಠದ ಜೀಪು ಬಂದ ದಿನ, ಹೆತ್ತವಳ ಕಣ್ಣೀರು ದಾರಿಯ ಮೇಲೆ ಬೀಳಬಾರದೆಂದು ಅವಳನ್ನು ಅಡಿಗೆಮನೆಯಲ್ಲಿ ಕೂರಿಸಿ ಹೊರಗಿನಿಂದ ಚಿಲಕ ಹಾಕಿದ್ದರು. ರಾತ್ರಿಯೆಲ್ಲ ಕೂತು ಕಟ್ಟಿದ ಶೇಂಗಾ ಉಂಡೆಯ ಡಬ್ಬಿ ಕಟ್ಟೆಯ ಮೇಲೆಯೇ ಉಳಿಯಿತು. ಜೀಪಿನ ಸದ್ದು ಹಳ್ಳದ ಆಚೆ ಹೋದ ಮೇಲೆ, ಹಿತ್ತಲ ಬಾಗಿಲಿನ ಚಿಲಕ ತೆಗೆದವಳು ಇದೇ ಮಾರೆಮ್ಮ. ತೆಗೆದು ಸೆಗಣಿ ಬಾಚಲು ಹೋಗಿದ್ದಳು.

ಐದನೆಯ ಭಾನುವಾರ ಹೀಗಾಯಿತು. ಲೂಕಾ ಈಗ ಪೋಪ್ ಆಗಿದ್ದಾನೆ. ಎತ್ತರದ ಮೆಟ್ಟಿಲುಗಳ ಮೇಲೆ ದೊಡ್ಡ ಪೀಠ. ಕೆಳಗೆ ರಾಜರು, ಸಾಹುಕಾರರು, ಸಾಲುಗಟ್ಟಿ ನಿಂತಿದ್ದಾರೆ. ಒಬ್ಬೊಬ್ಬರಾಗಿ ಬಂದು ಮೊಣಕಾಲೂರಿ ಅವನ ಕೈಯ ಉಂಗುರಕ್ಕೆ ಮುತ್ತು ಕೊಟ್ಟು ಹೋಗುತ್ತಿದ್ದಾರೆ. ಆ ಸಾಲಿನ ಕೊನೆಗೆ ಒಬ್ಬ ಮುದುಕಿ. ಹರಕು ಶಾಲು, ಕಾಲು ತುಂಬ ಧೂಳು. ಈಟಿ ಹಿಡಿದ ಕಾವಲುಗಾರರು ಅವಳನ್ನು ಹಿಂದಕ್ಕೆ ನೂಕುತ್ತಾರೆ. ಮುದುಕಿ ಬಾಯಿ ತೆರೆದು ಒಂದೇ ಮಾತು ಅನ್ನುತ್ತಾಳೆ: "ಲೂಕಾ."

ಅಡಿಗೆಮನೆಯ ಹೊಸ್ತಿಲಲ್ಲಿ ಕಾವೇರಿಬಾಯಿಯ ಕೈಯಲ್ಲಿದ್ದ ಮೊರ ನಿಂತಿತು.

ಪೀಠದ ಮೇಲಿದ್ದ ಪೋಪ್ ಎದ್ದ. ಮೆಟ್ಟಿಲು ಇಳಿದ. ತಲೆಯ ಮೇಲಿನ ಕಿರೀಟ ತೆಗೆದು ಯಾರ ಕೈಗೋ ಕೊಟ್ಟ. ಸಾಲಿನಲ್ಲಿದ್ದವರೆಲ್ಲ ಬಾಯಿಬಿಟ್ಟು ನೋಡುತ್ತಿದ್ದಂತೆ ಆ ಮುದುಕಿಯ ಮುಂದೆ ಮೊಣಕಾಲೂರಿ, ಧೂಳು ತುಂಬಿದ ಅವಳ ಕಾಲಿಗೆ ಹಣೆ ಹಚ್ಚಿದ. ಮುದುಕಿ ಅವನ ಬೋಳುತಲೆಯ ಮೇಲೆ ಕೈ ಇಟ್ಟು ನಿಂತೇ ಇದ್ದಳು. ಅಂಗಳದಲ್ಲಿ ಯಾರೋ ಮೂಗು ಸೀಟಿದರು.

ರಾಯರು ಸದ್ದು ಕಡಿಮೆ ಮಾಡಿ ಕಿಟಕಿಯ ಕಡೆ ತಿರುಗಿದರು. ಅವರ ಮುಖ ಗಂಟಿಕ್ಕಿತ್ತು. "ಇದರ ಅರ್ಥ ಏನಪಾ ಅಂದ್ರ," ಎಂದರು, "ಆ ಹೆಣ್ಣುಮಗಳು ಹಿಂದ ಏನೋ ಪಾಪ ಮಾಡ್ಯಾಳ. ಕ್ಷಮಾ ಬೇಡಲಿಕ್ಕೆ ಗುರುಗಳ ಕಾಲಿಗೆ ಬಂದು ಬಿದ್ದಾಳ. ಗುರುಗಳು ದಯಾಳುಗಳು, ತಾವೇ ಇಳಿದು ಬಂದು ಆಕಿನ್ನ ಎಬ್ಬಿಸ್ಯಾರ."

ಮುದುಕ ಯರ್ರೆಪ್ಪ ಪಕ್ಕದವನಿಗೆ ತೆಲುಗಿನಲ್ಲಿ, ಈ ರಾಯ ಸುಳ್ಳು ಹೇಳುತ್ತಿದ್ದಾನೆ ಎಂದ. ಮಾರೆಮ್ಮ ಎದ್ದು ಕಿಟಕಿಯ ಹತ್ತಿರಕ್ಕೇ ಬಂದಳು.

"ಸಾಮೀ, ನಿಂತಾಕಿನ್ನ ಯಾರರ ಎಬ್ಬಿಸ್ತಾರೇನ್ರಿ?" ಎಂದಳು. "ಮಣಕಾಲು ಊರ್ಯಾತ ಆತ. ಆಕಿ ನಿಂತಾಳ. ನಮಗ ಇಂಗ್ಲೀಷು ಬರಲ್ಲ, ಕಣ್ಣರ ಅದಾವ. ಆಕಿ ಆತನ ಹಡೆದವ್ವ. ಹುಡುಗನ್ನ ಹೊತ್ತ ಕತ್ತಿ ಹಿಂದ ಓಡಿಬಂದಾಕಿ ಆಕೀನೇ ಅಲ್ಲೇನ್ರಿ?"

ರಾಯರು ಪುಕ್ಕಟೆ ನೋಡುವವರಿಗೆ ನಾಲಿಗೆ ಬೇರೆ ಬಂದಿದೆಯೆಂದರು. ಮಾರೆಮ್ಮ, ಪುಕ್ಕಟೆ ಅಲ್ಲ, ಇಷ್ಟು ವರ್ಷ ನಿಮ್ಮ ಹಿತ್ತಲು ಬಳಿದಿದ್ದೇನೆ, ಅದಕ್ಕೆ ಇಷ್ಟು ನಿಜವಾದರೂ ಹೇಳಿ ಎಂದಳು. ಹಿಂದಿನಿಂದ ಒಬ್ಬೊಬ್ಬರೇ ಎದ್ದರು. ಹೋದ ವಾರದ ಅರ್ಥವೂ ಹೀಗೇ ಇತ್ತೇನು, ಅದರ ಹಿಂದಿನ ವಾರದ್ದೂ ಹೀಗೇ ಏನು ಎಂದು ಕೇಳಿದರು. ರಾಯರು ಟಿವಿ ಆರಿಸಿದರು. ಕಿಟಕಿಯ ಬಾಗಿಲು ಎಳೆದು ಅಗುಳಿ ಹಾಕಿದರು. ಮುಂದಿನ ಭಾನುವಾರ ಯಾರೂ ಈ ಕಡೆ ಬರಬೇಡಿರೆಂದು ಒಳಗಿನಿಂದಲೇ ಕೂಗಿದರು. ಚಾಪೆಯ ಮೇಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಧೋತರ ಕೊಡವಿಕೊಂಡು ಎದ್ದುಹೋದರು. ಹೊರಗೆ ಮಾರೆಮ್ಮ ಬೈಯುತ್ತಿದ್ದುದು ಬಹಳ ಹೊತ್ತು ಕೇಳಿಸುತ್ತಿತ್ತು.

ಕಾವೇರಿಬಾಯಿ ಮೊರ ಕೆಳಗಿಟ್ಟಳು. ಅಕ್ಕಿಯಲ್ಲಿದ್ದ ಕಲ್ಲು ಅಲ್ಲಿಯೇ ಉಳಿದವು.

ಇವರು ಯಾಕೆ ಸುಳ್ಳು ಹೇಳಿದರು? ಅದೇ ಅವಳ ತಲೆಯೊಳಗೆ ತಿರುಗತೊಡಗಿತು. ರಾಯರು ಸುಳ್ಳು ಹೇಳುವ ಮನುಷ್ಯರಲ್ಲ. ಸಂಧ್ಯಾವಂದನೆ ತಪ್ಪಿಸಿದವರಲ್ಲ, ಏಕಾದಶಿಯ ದಿನ ಹನಿ ನೀರು ಕುಡಿದವರಲ್ಲ. ನಲವತ್ತು ಮಂದಿ ಕಣ್ಣಾರೆ ನೋಡಿದ್ದನ್ನು ಇಲ್ಲವೆನ್ನುವಷ್ಟು ಅವಸರ ಅವರಿಗೆ ಏನು ಬಿದ್ದಿತ್ತು? ಅವರಿಗೆ ಬರುವ ಭಾಷೆ ನಮಗೆ ಬರುವುದಿಲ್ಲ ಎಂಬ ಧೈರ್ಯಕ್ಕೆ ಹೇಳಿದರು. ಇಂಗ್ಲಿಷಿನಲ್ಲಿ ಹೀಗೆ ಹೇಳಿದವರು ಸಂಸ್ಕೃತದಲ್ಲಿ ಏನು ಹೇಳಿರಬಹುದು?

ಈ ಮಾತು ಮನಸ್ಸಿಗೆ ಬಂದ ಕೂಡಲೆ ಕೃಷ್ಣಾ, ಕೃಷ್ಣಾ ಎಂದು ಬಾಯಿಯಲ್ಲಿ ಅಂದುಕೊಂಡಳು. ಗಂಡನ ಬಗ್ಗೆ ಹೀಗೆ ಯೋಚಿಸಬಾರದೆಂದು ನಾಲ್ಕು ಸಲ ಬಾಯಿ ಮುಕ್ಕಳಿಸಿದಳು. ಮಾತು ಹೋಗಲಿಲ್ಲ.

ಸೋಮವಾರ ಬೆಳಿಗ್ಗೆ ಪ್ರಾಣದೇವರ ಗುಡಿಗೆ ಹೋದಳು. ಅರ್ಚಕ ಹನುಮಂತಾಚಾರ್ಯರು ಎಪ್ಪತ್ತು ದಾಟಿದ ಬಡ ಬ್ರಾಹ್ಮಣ. ಚಿಕ್ಕಂದಿನಲ್ಲಿ ದೊಡ್ಡ ಪಾಠಶಾಲೆಯಲ್ಲಿ ಹನ್ನೆರಡು ವರ್ಷ ಓದಿ ಬಂದವರು. ಊರಲ್ಲಿ ಯಾರೂ ಅವರನ್ನು ಓದಿದ್ದರ ಬಗ್ಗೆ ಕೇಳುತ್ತಿರಲಿಲ್ಲ, ಮುಹೂರ್ತದ ಬಗ್ಗೆ ಕೇಳುತ್ತಿದ್ದರು. ಅವರು ತೀರ್ಥದ ಬಟ್ಟಲು ತೊಳೆಯುತ್ತಿದ್ದರು. ಕಾವೇರಿಬಾಯಿ ಪ್ರದಕ್ಷಿಣೆ ಮುಗಿಸಿ ಕಂಬದ ಮರೆಗೆ ನಿಂತು, ಸನ್ಯಾಸಿಗಳಿಗೂ ತಾಯಿಗೂ ಶಾಸ್ತ್ರದಲ್ಲಿ ಏನು ಇದೆ ಎಂದು ಕೇಳಿದಳು. ಆಚಾರ್ಯರ ಕೈಯಲ್ಲಿದ್ದ ಬಟ್ಟಲು ತಿರುಗುವುದು ನಿಂತಿತು. ರಾಯರು ಹೇಳಿಲ್ಲವೇ ಎಂದರು. ರಾಯರು ಹೇಳಿದ್ದನ್ನು ಅವಳು ಹೇಳಿದಳು. ಆಚಾರ್ಯರು ಗರ್ಭಗುಡಿಯ ಕಡೆ ಒಮ್ಮೆ ನೋಡಿದರು. ದೇವರ ಮುಂದೆ ನಿಂತಿದ್ದರು, ಮತ್ತೇನು ಮಾಡಿಯಾರು.

"ಯತಿಗಳಿಗೆ ಎಲ್ಲರೂ ನಮಸ್ಕಾರ ಮಾಡಬೇಕು ತಾಯಿ. ಹಡೆದ ತಂದಿ ಸೈತ ಮಾಡಬೇಕು," ಎಂದರು. "ಒಬ್ಬಾಕಿ ಬಿಟ್ಟು. ತಾಯಿಗೆ ಮಾತ್ರ ಅವರೇ ಮಾಡಬೇಕು. ಕಣ್ಣು ಕೂಡಿದ್ರ ಪಾಪ ಅನ್ನೋದು ನಾ ಎಲ್ಲೂ ಓದಿಲ್ಲ."

ಇಷ್ಟು ವರ್ಷ ಯಾಕೆ ಹೇಳಲಿಲ್ಲವೆಂದು ಅವಳು ಕೇಳಿದಳು. ನೀವು ಕೇಳಲಿಲ್ಲ ಎಂದರು ಆಚಾರ್ಯರು. ಆಮೇಲೆ, ಬಟ್ಟಲನ್ನು ಮತ್ತೆ ತಿರುವುತ್ತ, ಮೆಲ್ಲಗೆ, ಗಂಡ ಹೆಂಡಿರ ನಡುವೆ ನಾನು ಹ್ಯಾಗೆ ಬರಲಿ ಎಂದೂ ಸೇರಿಸಿದರು. ಅವಳು ತೀರ್ಥ ತೆಗೆದುಕೊಳ್ಳದೆ ಹೊರಟಳು. ಗುಡಿಯ ಮೆಟ್ಟಿಲು ಇಳಿಯುವಾಗ ನೆನಪಾಗಿ, ತಿರುಗಿ ಬಂದು, ಕೈ ಚಾಚಿ, ತೆಗೆದುಕೊಂಡು ಹೋದಳು. ಪ್ರಾಣದೇವರ ಮೇಲೆ ಅವಳಿಗೆ ಸಿಟ್ಟಿರಲಿಲ್ಲ.

ಮನೆಗೆ ಬಂದು ಅಡಿಗೆ ಮಾಡಿದಳು. ತೊಗರಿಬೇಳೆಯ ಸಾರು, ಹೀರೇಕಾಯಿ ಪಲ್ಯ. ರಾಯರು ಪೂಜೆ ಮುಗಿಸಿ ಎಲೆಯ ಮುಂದೆ ಕೂತರು. ಅನ್ನ ಬಡಿಸಿದಳು, ತುಪ್ಪ ಬಡಿಸಿದಳು, ಸಾರಿನ ಸೌಟು ಕೈಯಲ್ಲಿ ಹಿಡಿದು ನಿಂತಳು. ರಾಯರು ಅನ್ನಕ್ಕೆ ಗುಳಿ ಮಾಡಿ ಕಾದರು. ಸೌಟು ಬಗ್ಗಲಿಲ್ಲ.

"ಸನ್ಯಾಸಿಗಳು ತಾಯಿಗೆ ನಮಸ್ಕಾರ ಮಾಡಬೇಕಂತ ಅದನೋ ಇಲ್ಲೋ?" ಎಂದಳು.

ಊಟವಾಗಲಿ ಎಂದರು ರಾಯರು. ಊಟಕ್ಕೆ ಮೊದಲೇ ಆಗಬೇಕು ಎಂದಳು. ಯಾರು ಹೇಳಿದರು ಎಂದರು. ಅದನ್ನು ನಾನು ಕೇಳಲಿಲ್ಲ, ಇದೆಯೋ ಇಲ್ಲವೋ ಅಷ್ಟು ಹೇಳಿರಿ ಎಂದಳು. ಮದುವೆಯಾಗಿ ಬಂದಾಗಿನಿಂದ ಆ ಮನೆಯಲ್ಲಿ ಅಂಥ ದನಿ ಎದ್ದಿರಲಿಲ್ಲ. ದೊಡ್ಡ ದನಿಯೇನೂ ಅಲ್ಲ. ಬಿಸಿ ಹಂಚಿನ ಮೇಲೆ ನೀರು ಬಿದ್ದಂಥ ದನಿ.

ರಾಯರು ಮೊದಲು ಮಗನ ಹೆಸರಿನ ಮರೆ ಹಿಡಿದರು. ಮಠಕ್ಕೆ ಹೋದ ಮೊದಲ ವರ್ಷ ಹುಡುಗ ದಿನಾ ಅಳುತ್ತಿದ್ದ, ಅಮ್ಮ ಬೇಕೆಂದು ಉಪವಾಸ ಬೀಳುತ್ತಿದ್ದ, ನಿನ್ನನ್ನು ನೋಡಿದ್ದರೆ ಹಿಂದೆಯೇ ಬಂದುಬಿಡುತ್ತಿದ್ದ ಎಂದರು. ಅದು ಒಂದು ವರ್ಷದ ಮಾತಾಯಿತು, ಉಳಿದ ವರ್ಷಗಳದ್ದು ಹೇಳಿರಿ ಎಂದಳು. ರಾಯರಿಗೆ ಸಿಟ್ಟು ಬಂತು. ಸಿಟ್ಟಿನಲ್ಲಿ ನಿಜ ಬಂತು.

"ನಾನು ಅವರಿಗೆ ಅಡ್ಡ ಬೀಳಬೇಕು. ಅವರು ನಿನಗ ಅಡ್ಡ ಬೀಳಬೇಕು. ನಾಲ್ಕು ಮಂದಿ ಎದುರಿಗೆ, ಒಂದೇ ಚಪ್ಪರದಾಗ," ಎಂದರು. "ಆಮ್ಯಾಲ ನಾನು ಯಾವ ಮಾರಿ ಇಟಗೊಂಡು ಈ ಊರಾಗ ಪುರಾಣ ಹೇಳಲಿ?"

ಕಾವೇರಿಬಾಯಿಯ ಹದಿನೆಂಟು ವರ್ಷದ ಪಾಪಭಯ, ಪ್ರತಿ ವರ್ಷ ದರ್ಶನಕ್ಕೆ ಮುಂಚೆ ಮೂರು ದಿನ ಹಿಡಿದ ಒಪ್ಪೊತ್ತು, ಸ್ವಾಮಿಗಳಿಗೆ ಜ್ವರ ಬಂದಿದೆ ಎಂದು ಕೇಳಿದಾಗಲೆಲ್ಲ ನಾನು ಎಲ್ಲಿ ತಪ್ಪಿ ತಲೆ ಎತ್ತಿದೆನೋ ಎಂದು ದೇವರ ಮುಂದೆ ಅತ್ತದ್ದು, ಎಲ್ಲವೂ ಈ ಒಂದು ಮಾತಿಗಾಗಿ.

"ನಿಮ್ಮ ತಲಿ ನನ್ನ ತಲಿಗಿಂತ ಮ್ಯಾಲ ಇರಲಿ ಅಂತ, ನನ್ನ ತಲಿ ನೆಲಕ್ಕ ಇಡಿಸಿದ್ರಿ," ಎಂದಳು.

ಸೌಟನ್ನು ಅವರ ಎಲೆಯ ಪಕ್ಕಕ್ಕೆ ಇಟ್ಟಳು. ಸಾರಿನ ಪಾತ್ರೆಯನ್ನೂ ಇಟ್ಟಳು. ಹಿತ್ತಲಿಗೆ ಹೋಗಿ ಬಾವಿಯ ಕಟ್ಟೆಯ ಮೇಲೆ ಕೂತಳು. ಆ ದಿನ ರಾಯರು ಕೈಯಾರೆ ಬಡಿಸಿಕೊಂಡು ಉಂಡರೋ, ಎಲೆ ಮಡಿಸಿ ಎದ್ದರೋ, ಅವಳು ನೋಡಲಿಲ್ಲ.

ಬುಧವಾರ ರಾಯರು ತಾವು ನಂದವರಂಗೆ ಬರುವುದಿಲ್ಲ, ಮೈ ಸರಿಯಿಲ್ಲ ಎಂದರು. ನಾನು ಹೋಗುತ್ತೇನೆ ಎಂದಳು. ಒಬ್ಬಳೇ ಹ್ಯಾಗೆ ಹೋಗುತ್ತೀ ಎಂದರು. ಮಾರೆಮ್ಮ ನಂದವರಂಗೆ ಮಗಳನ್ನು ಕೊಟ್ಟಿದ್ದಾಳೆ, ಅವಳ ಜೊತೆ ಹೋಗುತ್ತೇನೆ ಎಂದಳು. ಮರುದಿನ ಬೆಳಗಿನ ಬಸ್ಸು ಬಂದಾಗ ರಾಯರು ಜರಿಯಂಚಿನ ಧೋತರ ಉಟ್ಟು ಅವರಿಗಿಂತ ಮುಂಚೆ ಹತ್ತಿ ಕೂತಿದ್ದರು.

ಆದೋನಿಯಲ್ಲಿ ಬಸ್ಸು ಬದಲಿಸಿದರು. ಎಮ್ಮಿಗನೂರಿನಲ್ಲಿ ಅರ್ಧ ಗಂಟೆ ನಿಂತರು. ಮಾರೆಮ್ಮ ಹಿಂದಿನ ಸೀಟಿನಲ್ಲಿ ಯಾರಿಗೋ, ಆ ಪೋಪ ಹ್ಯಾಗೆ ಕಿರೀಟ ತೆಗೆದು ಕೊಟ್ಟ, ಹ್ಯಾಗೆ ಮೊಣಕಾಲೂರಿದ ಎಂದು ದಾರಿಯುದ್ದಕ್ಕೂ ಹೇಳುತ್ತ ಬಂದಳು. ಅವಳು ಹೇಳುವಾಗ ಕಿರೀಟ ಬಂಗಾರದ್ದಾಗಿತ್ತು, ಮುದುಕಿ ಹನ್ನೆರಡು ಗಾವುದ ನಡೆದು ಬಂದಿದ್ದಳು.

ನಂದವರಂನಲ್ಲಿ ದೇವಸ್ಥಾನದ ಪಕ್ಕದ ಬಯಲಿಗೆ ಚಪ್ಪರ ಹಾಕಿದ್ದರು. ಚಪ್ಪರದ ತುದಿಗೆ ಮರದ ಪೀಠ. ಬಲಕ್ಕೆ ಗಂಡಸರು, ಎಡಕ್ಕೆ ಹೆಂಗಸರು. ಮಾರೆಮ್ಮ ಚಪ್ಪರದ ಹೊರಗೆ ಕಲ್ಲಿನ ಮೇಲೆ 'ಹೋಗಿ ಬರ್ರಿ' ಎಂದು ಕೂತಳು. ರಾಯರು ಗಂಡಸರ ಸಾಲಿನ ಮುಂದಕ್ಕೆ ಹೋದರು. ಪೂರ್ವಾಶ್ರಮದ ತಂದೆ ಎಂದು ಅಲ್ಲಿ ಎಲ್ಲರೂ ಅವರಿಗೆ ದಾರಿ ಬಿಡುತ್ತಿದ್ದರು. ಅವರು ಪೀಠದ ಮುಂದೆ ಉದ್ದಕ್ಕೆ ಬಿದ್ದು ನಮಸ್ಕರಿಸಿ, ಫಲ ಮಂತ್ರಾಕ್ಷತೆ ತೆಗೆದುಕೊಂಡು, ಪಕ್ಕಕ್ಕೆ ನಿಂತರು.

ಹೆಂಗಸರ ಸಾಲು ಕರಗುತ್ತ ಬಂತು. ಕಟ್ಟಕಡೆಗೆ ಕಾವೇರಿಬಾಯಿ. ಎದುರಿಗೆ ಪೀಠ, ಪೀಠದ ಕೆಳಗೆ ಮಣೆ, ಮಣೆಯ ಮೇಲೆ ಅವಳಿಗೆ ಗೊತ್ತಿದ್ದ ಎರಡು ಪಾದ. ಎರಡನೆಯ ಬೆರಳು ಉದ್ದ. ಬಿಳಿಯ ಗೆರೆ. ಅಭ್ಯಾಸಕ್ಕೆ ಅವಳ ಮೊಣಕಾಲು ಬಾಗತೊಡಗಿತು. ಕಾಲು ಕಲ್ಲು ಮಾಡಿಕೊಂಡು ನಿಂತಳು. ಆಮೇಲೆ ತಲೆ ಎತ್ತಿದಳು.

ಎದುರಿಗಿದ್ದ ಮುಖ ಅವಳಿಗೆ ಗುರುತೇ ಸಿಗಲಿಲ್ಲ. ಮನೆಯ ಗೋಡೆಯ ಮೇಲಿನ ಪಟದಲ್ಲಿದ್ದದ್ದು ಎಳೆಯ ಮುಖ. ಇದು ಸೊರಗಿದ ಕೆನ್ನೆಯ ದೊಡ್ಡ ಮನುಷ್ಯನ ಮುಖ. ಗದ್ದ ಅವಳ ತಂದೆಯದು. ಕಣ್ಣಿಗೆ ದಪ್ಪ ಗಾಜಿನ ಕನ್ನಡಕ. ಕನ್ನಡಕ ನೋಡಿ ಅವಳು ಬೆಚ್ಚಿದಳು.

ಮಠದ ಪಾರುಪತ್ಯದವನು ನಮಸ್ಕಾರ ಮಾಡಿರಿ ತಾಯಿ ಎಂದ. ಅವಳು ನಿಂತೇ ಇದ್ದಳು. ಅವನು ಇನ್ನೊಮ್ಮೆ, ಸ್ವಲ್ಪ ಗಡುಸಾಗಿ ಹೇಳಿದ. ಬಲಗಡೆಯಿಂದ ರಾಯರ ಕೆಮ್ಮು ಕೇಳಿಸಿತು. ಚಪ್ಪರದಲ್ಲಿ ಗುಸುಗುಸು ಎದ್ದು ಅಡಗಿತು. ಸ್ವಾಮಿಗಳು ಅವಳನ್ನೇ ನೋಡುತ್ತಿದ್ದರು. ನೋಡುತ್ತ ಎದ್ದರು. ದಂಡವನ್ನು ಪೀಠಕ್ಕೆ ಆನಿಸಿದರು. ಕನ್ನಡಕ ತೆಗೆದು ಮಣೆಯ ಮೇಲಿಟ್ಟರು. ಮೂರು ಮೆಟ್ಟಿಲು ತಡವರಿಸುತ್ತ ಇಳಿದು ಬಂದು, ಕಾವಿಯ ತುದಿ ಸಾವರಿಸಿಕೊಂಡು, ತಾಯಿಯ ಮುಂದೆ ನೆಲಕ್ಕೆ ಉದ್ದಕ್ಕೆ ಬಿದ್ದು ನಮಸ್ಕರಿಸಿದರು.

ಟಿವಿಯ ಮುದುಕಿಯ ಹಾಗೆ ತಲೆಯ ಮೇಲೆ ಕೈ ಇಡಬೇಕೆಂದು ಅವಳು ಬಸ್ಸಿನಲ್ಲಿ ಅಂದುಕೊಂಡು ಬಂದಿದ್ದಳು. ಕೈ ಮೇಲೇಳಲಿಲ್ಲ. ಇಷ್ಟು ಸುಲಭವಾಗಿ ಇಳಿದು ಬಂದರಲ್ಲ, ಯಾರನ್ನೂ ಕೇಳಲಿಲ್ಲ, ಗ್ರಂಥ ನೋಡಲಿಲ್ಲ. ಹಾಗಾದರೆ ಇವರಿಗೆ ಮೊದಲೇ ಗೊತ್ತಿತ್ತು. ಇಷ್ಟು ಹೊತ್ತು ಗಂಡನ ಮೇಲೆ ಉರಿಯುತ್ತಿದ್ದದ್ದು ಈಗ ತಿರುಗಿ ಈ ಕಡೆ ಹತ್ತಿಕೊಂಡಿತು.

ಏಳಿರಿ ಎಂದಳು. ಅವರು ಎದ್ದು ಕೈಮುಗಿದು ನಿಂತರು.

"ಇದು ಶಾಸ್ತ್ರದಾಗ ಅದ ಅಂತ ನಿಮಗ ಯಾವಾಗ ಗೊತ್ತಾತು?" ಎಂದು ಕೇಳಿದಳು.

ಹದಿಮೂರನೆಯ ವಯಸ್ಸಿನಲ್ಲಿ ಪಾಠವಾಯಿತು ಎಂದರು ಸ್ವಾಮಿಗಳು. ಸುಳ್ಳು ಹೇಳಲಿಲ್ಲ.

ಅಲ್ಲಿಂದ ಈಚೆಗೂ ನಾನು ಪ್ರತಿ ವರ್ಷ ಬಂದಿದ್ದೇನೆ ಎಂದಳು.

"ಬಂದೀರಿ. ತಲಿ ಎತ್ತಲಿಲ್ಲ," ಎಂದರು ಅವರು. ಪೀಠದ ದನಿ ಹೋಗಿ ಬೇರೆ ಯಾವುದೋ ದನಿ ಬಂದಿತ್ತು. "ಮಠಕ್ಕ ಬಂದದ್ದಕ್ಕ ನಿಮಗ ನನ್ನ ಮ್ಯಾಲ ಸಿಟ್ಟು ಅಂದುಕೊಂಡೆ. ಅಂಜಿದೆ."

"ಅವಾಗ ಸಿಟ್ಟಿರಲಿಲ್ಲ. ನಿಮಗ ಪಾಪ ತಟ್ಟೀತಂತ ಅಂಜಿಕಿ ಇತ್ತು," ಎಂದಳು ಕಾವೇರಿಬಾಯಿ. "ಸಿಟ್ಟು ಈಗ ಬಂದದ. ಅಷ್ಟೆಲ್ಲಾ ಓದಿದವರು, ಒಂದು ಸಲ ಇಳಿದು ಬಂದು ಯಾಕ ತಲಿ ಎತ್ತಲಿಲ್ಲ ಅಂತ ಕೇಳಬಾರದಿತ್ತೇನು?"

ಪಾರುಪತ್ಯದವನು ಹೊತ್ತಾಯಿತು ಎಂದು ಮುಂದೆ ಬಂದ. ಸ್ವಾಮಿಗಳು ಕೈ ಅಡ್ಡ ಮಾಡಿ ಅವನನ್ನು ತಡೆದರು. ಆಮೇಲೆ ಮೆಟ್ಟಿಲ ಕಡೆ ತಿರುಗಿ ಮಣೆಯ ಮೇಲೆ ತಡಕಾಡಿ ಕನ್ನಡಕ ಹಾಕಿಕೊಂಡು, ತಟ್ಟೆಯಿಂದ ಮಂತ್ರಾಕ್ಷತೆ ಹಿಡಿದು ತಾಯಿಯ ಕಡೆ ಕೈ ಚಾಚಿದರು. ಎಲ್ಲರೂ ಅವಳ ಸೆರಗನ್ನೇ ನೋಡುತ್ತಿದ್ದರು. ಅವಳು ಸೆರಗು ಒಡ್ಡಲಿಲ್ಲ.

"ಮುಂದಿನ ವರ್ಷ ನಾ ಬರಂಗಿಲ್ಲ. ನೀವು ಹಾಲಹರವಿಗೆ ಬರ್ರಿ. ಮನಿಗೆ ಬಂದು ಕೊಟ್ರ ತಗೋತೀನಿ," ಎಂದಳು.

ತಿರುಗಿ ನಡೆದಳು. ಗಂಡಸರ ಸಾಲಿನ ಪಕ್ಕ ಹಾಯುವಾಗ ರಾಯರು ಅವಳ ಮುಖ ನೋಡಲಿಲ್ಲ. ಕೈಯಲ್ಲಿದ್ದ ತೆಂಗಿನಕಾಯಿಯನ್ನು ತಿರುವಿ ತಿರುವಿ ನೋಡುತ್ತಿದ್ದರು. ಹಿಂದೆ ಸ್ವಾಮಿಗಳ ಕೈಯಿಂದ ಅಕ್ಷತೆ ಮರಳಿ ತಟ್ಟೆಗೆ ಬಿದ್ದ ಸದ್ದು ಅವಳಿಗೆ ಕೇಳಿಸಿತು, ಅಥವಾ ಕೇಳಿಸಿದ ಹಾಗಾಯಿತು.

ಮಾರೆಮ್ಮ ಕಲ್ಲಿನ ಮೇಲಿಂದ ಎದ್ದು ನಿಂತಳು. ಇಳಿದರೇನಮ್ಮಾ ಎಂದು ಕೇಳಿದಳು. ಇಳಿದರು ಎಂದಳು ಕಾವೇರಿಬಾಯಿ. ಹಾಗಿದ್ದರೆ ಮುಖ ಯಾಕೆ ಹೀಗೆ ಎಂದಳು ಮಾರೆಮ್ಮ. ಸಿಟ್ಟು ಬಂದಿದೆ ಎಂದಳು. ಯಾರ ಮೇಲೆ ಎಂದು ಮಾರೆಮ್ಮ ಕೇಳಿದಳು. ಒಬ್ಬರ ಹೆಸರು ಹೇಳಿ ಮುಗಿಯುವ ಹಾಗಿರಲಿಲ್ಲ. ಅದರಲ್ಲಿ ಅವಳ ಪಾಲೂ ಇತ್ತು. ಕೇಳದೆ ಬಗ್ಗಿದ ತಲೆ ಅವಳದೇ.

ಮಾರೆಮ್ಮ ಒತ್ತಾಯ ಮಾಡಲಿಲ್ಲ. ಮೆಲ್ಲಗೆ ಪಕ್ಕದಲ್ಲಿ ನಡೆಯುತ್ತ ಬಂದಳು. ಬಸ್ಸಿನ ರಸ್ತೆ ಕಂಡಾಗ, ಇನ್ನೊಂದು ಭಾನುವಾರ ಉಳಿದಿದೆ, ಆ ಮುದುಕಿ ಏನಾದಳೋ ನೋಡಬೇಕು, ಕಿಟಕಿ ತೆಗೆಸುತ್ತೀರೇನು ಎಂದು ಕೇಳಿದಳು.

ತಾನೇ ತೆಗೆಯುತ್ತೇನೆ ಎಂದಳು ಕಾವೇರಿಬಾಯಿ. ಅರ್ಥ ಹೇಳುವವರು ಬೇಕಾಗಿಲ್ಲ ಎಂದಳು.

ಬಿಸಿಲು ಏರಿತ್ತು. ರಸ್ತೆಯ ಪಕ್ಕ ಸಣ್ಣ ಎಲೆಯ ತುಗ್ಗಲಿ ಮರದ ಕೆಳಗೆ ಇಬ್ಬರೂ ಕೂತರು. ಹೇಳಿಕೊಳ್ಳುವಂಥ ನೆರಳೇನಲ್ಲ. ಕಾವೇರಿಬಾಯಿ ತಾನಾಗಿಯೇ ಬಾಯಿ ಬಿಟ್ಟಳು. ದನಿಯಲ್ಲಿ ಸಿಟ್ಟು ಇನ್ನೂ ಹಾಗೆಯೇ ಇತ್ತು.

"ಕಣ್ಣಿಗೆ ಕನ್ನಡಕ ಹಾಕ್ಯಾರ ಮಾರೆಮ್ಮ. ಇಷ್ಟು ದಪ್ಪ ಗಾಜು. ಯಾರೂ ನನಗ ಹೇಳೇ ಇಲ್ಲ."